ಕಾಟ್ಲಾ ಇರಲಿ, ಕೊರವವೂ ಉಳಿಯಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಕೆರೆಮೀನೆಂದರೆ ಈಗ ಬಹುಮಟ್ಟಿಗೆ ಕಾಟ್ಲಾ. ಕೊರವ ಮೀನಿನ ಸಾರಿಗೆ ಮುದ್ದೆಯೊಂದಿಗೆ ಮರ್ಯಾದೆಯುಂಟು. ಕೆರೆ ಗುತ್ತಿಗೆ ಹಿಡಿದವರ ಲೆಕ್ಕದಲ್ಲಿ ಮಾತ್ರ ಅದು ಬಿತ್ತನೆ ಮರಿ ನುಂಗುವ ಶತ್ರು. ಎರಡನ್ನೂ ಬೇಯಿಸಿ ಉಂಡು, ಅವು ಬೆಳೆಯುವ ನೀರನ್ನೂ ಗಮನಿಸುತ್ತ ಬಂದ ನಾನು ಕಲಿತ ಪಾಠ ಇಷ್ಟು: ನೀರು ಎಷ್ಟು ತಿಂಗಳು ನಿಲ್ಲುತ್ತದೆಂದು ಕೇಳದೆ ಯಾವ ಮೀನು ಮೇಲೆಂದು ಹೇಳಲಾಗದು. ಬೇಸಿಗೆಗೆ ಬತ್ತುವ ಸಣ್ಣ ಕೆರೆಗಳಲ್ಲಿ ಕೊರವವನ್ನು ಹಗೆಯೆಂದು ಎಣಿಸುವುದು ತಪ್ಪು.

ಕಾಟ್ಲಾ ಉತ್ತರದ ಗಂಗಾ ಬಯಲಿನ ಮೀನು. ಮೇಲ್ಮುಖವಾದ ಬಾಯಿಂದ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ತಿಂದು, ಒಳ್ಳೆಯ ನೀರಿದ್ದರೆ ವರ್ಷದಲ್ಲಿ ಸುಮಾರು ಒಂದು ಕಿಲೋ ತೂಗುತ್ತದೆ. ಆದರೆ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅದಕ್ಕೆ ಹೊಳೆಯ ಪ್ರವಾಹ ಬೇಕು. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಗೆ ಮೊಟ್ಟೆ ಇಡಿಸಿದ ಮೇಲೆಯೇ ಇಂಥ ಮೀನಿನ ಮರಿಗಳು ಊರೂರಿನ ಕೆರೆಗೆ ಬರುವ ದಾರಿ ತೆರೆಯಿತು. ಅಂದರೆ ಪ್ರತಿವರ್ಷ ಮರಿ ತಂದು ಬಿಡಲೇಬೇಕು. ಕೊರವ ಇದಕ್ಕೆ ಪೂರ್ತಿ ವಿರುದ್ಧ. ನೀರಿನ ಮೇಲೆ ಬಂದು ಗಾಳಿ ಉಸಿರಾಡುವ ಅದು ನೀರು ಇಳಿದಾಗ ತೇವದ ಕೆಸರಿನಲ್ಲೂ ಜೀವ ಹಿಡಿಯುತ್ತದೆ. ಮಳೆಗಾಲದಲ್ಲಿ ಕೆರೆಯಂಚಿನ ಜೊಂಡಿನ ನಡುವೆ ಮೊಟ್ಟೆಯಿಟ್ಟು, ಮರಿಗಳ ಗುಂಪನ್ನು ತಾನೇ ಕಾಯುತ್ತದೆ.

ಕೊರವ ಮರಿ ತಿನ್ನುತ್ತದೆ, ಗುತ್ತಿಗೆ ಹಣ ಮುಳುಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಬೆರಳುದ್ದಕ್ಕಿಂತ ಚಿಕ್ಕ ಮರಿ ಬಿಟ್ಟರೆ ಬಹುಪಾಲು ಅದರ ಹೊಟ್ಟೆಗೇ ಹೋಗುತ್ತದೆ. ಆದರೆ ಬಲಿತ ಮರಿ ಬಿಟ್ಟರೆ ನಷ್ಟ ತಗ್ಗುತ್ತದೆ. ತಿನ್ನಲು ಚಿಕ್ಕ ಮೀನು, ಕಪ್ಪೆ, ಹುಳು ಇದ್ದಲ್ಲಿ ಕೊರವಕ್ಕೆ ಬಿತ್ತನೆ ಮರಿಯೇ ಬೇಕೆಂದಿಲ್ಲ. ಕಾಟ್ಲಾ ಅಗ್ಗ, ಬಡವರ ಪೌಷ್ಟಿಕ ಆಹಾರ ಎಂಬುದು ಎರಡನೆಯ ಆಕ್ಷೇಪ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ವಾದ ಕಾಟ್ಲಾ ಬೇಡವೆಂದಲ್ಲ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ, ಕೆ.ಆರ್. ನಗರದ ಕಡೆಗೆ ಚಾಚಿದ ಕೆಆರ್‌ಎಸ್ ಹಿನ್ನೀರು, ವರ್ಷಪೂರ್ತಿ ನೀರಿರುವ ದೊಡ್ಡ ಕೆರೆಗಳು ಕಾಟ್ಲಾಕ್ಕೆ ತಕ್ಕವು. ಮಳೆ ಕೈಕೊಟ್ಟ ವರ್ಷ ಮಾರ್ಚ್‌ಗೇ ತಳ ಕಾಣುವ ಕೆರೆಯಲ್ಲಿ ಮಾತ್ರ ಕಾಟ್ಲಾ ತೂಕ ಬರುವ ಮೊದಲೇ ಬಲೆಗೆ ಬೀಳಬೇಕಾಗುತ್ತದೆ. ಅಂಥ ಕಡೆ ಉಳಿಯುವುದು ಕೊರವ. ಜೀವಂತವಾಗಿಯೇ ಸಂತೆ ಸೇರುವುದರಿಂದ ಅದಕ್ಕೆ ಬೆಲೆಯೂ ಹೆಚ್ಚು. ಅಡುಗೆಮನೆಯಲ್ಲೂ ಭೇದವಿದೆ: ಕಾಟ್ಲಾದ ತಲೆಗೆ ರುಚಿ, ಮೈಯಲ್ಲಿ ಕವಲೊಡೆದ ಸಣ್ಣ ಮುಳ್ಳು, ಕೊರವದ ಲೋಳೆ ಹೋಗಲು ಬೂದಿ ಹಚ್ಚಿ ಉಜ್ಜುವ ಕೆಲಸವಿದೆ, ಆದರೆ ಮುಳ್ಳು ಕಡಿಮೆ, ಮಕ್ಕಳಿಗೂ ಮುದುಕರಿಗೂ ಭಯವಿಲ್ಲದೆ ಬಡಿಸಬಹುದು.

ಆದ್ದರಿಂದ ಗುತ್ತಿಗೆದಾರರಲ್ಲೂ ಮೀನುಗಾರರ ಸಂಘಗಳಲ್ಲೂ ನನ್ನ ಮನವಿ ಎರಡು. ಬತ್ತುವ ಕೆರೆಯಿಂದ ಕೊರವವನ್ನು ಬುಡಸಮೇತ ತೆಗೆಯಬೇಡಿ. ಮಳೆಗಾಲದಲ್ಲಿ ಮರಿ ಕಾಯುತ್ತಿರುವ ತಾಯಿತಂದೆ ಮೀನುಗಳನ್ನು ಹಿಡಿಯಬೇಡಿ, ಅವು ಹೋದರೆ ಮರಿಗಳನ್ನು ಕಾಯುವವರಿಲ್ಲ. ಕೊಳ್ಳುವವರೂ ಆ ತಿಂಗಳುಗಳಲ್ಲಿ ಕೊರವ ಕೇಳದೆ ಕಾಟ್ಲಾ ಕೊಳ್ಳಲಿ.