ನಿಲುವು ಬಲವಾಗಿರಲಿ, ಮೊಣಕಾಲು ಉಳಿಯಲಿ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಈ ಭಾಗದಲ್ಲಿ ಜಾತ್ರೆಯೆಂದರೆ ತೇರಿನ ಜೊತೆಗೆ ಕುಸ್ತಿಯೂ ಇರಬೇಕೆಂಬುದು ಜನರ ಅಪೇಕ್ಷೆ. ಜಾತ್ರೆಗಳ ಕಾಲ ಮುಗಿಯುತ್ತಿದ್ದಂತೆ ನನ್ನ ಚಿಕಿತ್ಸಾಲಯಕ್ಕೆ ಮೊಣಕಾಲು ಹಿಡಿದುಕೊಂಡು ಬರುವ ತರುಣರು ಹೆಚ್ಚಾಗುತ್ತಾರೆ. ಈಚೆಗೆ ಕರಾಟೆ ಕಲಿಯುವ ಬಾಲಕಿಯರೂ ಬರುತ್ತಾರೆ. ಇವರಲ್ಲಿ ಅನೇಕರ ಮಾತು ಒಂದೇ: "ಯಾರೂ ಹೊಡದಿಲ್ರೀ ಡಾಕ್ಟ್ರ, ಹಿಂಗ ತಿರುಗಿದೆ, ಮೊಣಕಾಲ ಚಟ್ ಅಂತು." ಅಂದರೆ ಇವರನ್ನು ಕೆಡವಿದ್ದು ಎದುರಾಳಿಯಲ್ಲ, ಅವರದೇ ನಿಲುವು.

ನಾನೂ ಅಂಥವರಲ್ಲಿ ಒಬ್ಬ. ಹತ್ತೊಂಬತ್ತರ ಪ್ರಾಯದಲ್ಲಿ ಗರಡಿಮನೆಗೆ ಹೋಗುತ್ತಿದ್ದಾಗ ಹಿರಿಯ ಪೈಲ್ವಾನರೊಬ್ಬರ ತಗ್ಗಿದ ನಿಲುವನ್ನು ಕಂಡು ಮರುಳಾಗಿ ಅದನ್ನೇ ಅನುಕರಿಸಿದೆ. ಅವರದು ಗಿಡ್ಡ ದೇಹ, ಕಂಬದಂತಹ ತೊಡೆ. ನನ್ನದು ಉದ್ದ ಕಾಲಿನ ಸಪೂರ ಮೈ. ಒಂದು ಸಂಜೆ ಪಾದ ಮಣ್ಣಿನಲ್ಲಿ ಹೂತಿರುವಾಗಲೇ ದೇಹ ತಿರುಗಿತು. ಮೊಣಕಾಲು ಬಾತಿತು. ನಾಚಿಕೆಯಿಂದ ಯಾರಿಗೂ ಹೇಳದೆ ಎಂಟು ದಿನಕ್ಕೆ ಮತ್ತೆ ಕಣಕ್ಕಿಳಿದೆ. ಇಂದು ಲಿಂಗಪೂಜೆಗೆ ನೆಲದ ಮೇಲೆ ಕಾಲು ಮಡಚಿ ಕೂಡಲಾರೆ, ಕುರ್ಚಿಯನ್ನು ಆಶ್ರಯಿಸಬೇಕು. ದಿನವೂ ಬೆಳಗಿನಲ್ಲಿ ನೆನಪಾಗುವ ಆ ತಪ್ಪೇ ಈ ಲೇಖನಕ್ಕೆ ಪ್ರೇರಣೆ.

ಹಿರಿಯರು ಕಂಡ ನಿಲುವು

ಭರತನ ನಾಟ್ಯಶಾಸ್ತ್ರವು ಪುರುಷರ ಆರು ಸ್ಥಾನಗಳನ್ನು, ಅಂದರೆ ನಿಲುವುಗಳನ್ನು ಹೇಳುತ್ತದೆ: ವೈಷ್ಣವ, ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ. ಪಾದಗಳ ನಡುವಿನ ಅಂತರವನ್ನು ಅದು ಅಳೆದೇ ಹೇಳುತ್ತದೆ; ವೈಶಾಖಕ್ಕೆ ಮೂರೂವರೆ ತಾಳ, ಮಂಡಲಕ್ಕೆ ನಾಲ್ಕು, ಆಲೀಢಕ್ಕೆ ಐದು. ಆಲೀಢದಲ್ಲಿ ಶಸ್ತ್ರವನ್ನು ಹೂಡಿ ಪ್ರತ್ಯಾಲೀಢದಲ್ಲಿ ಬಿಡಬೇಕೆಂಬುದು ಅದರ ವಿಧಿ. ಇದರ ಮರ್ಮವನ್ನು ಗಮನಿಸಬೇಕು. ನಿಲುವೆಂದರೆ ಕಲ್ಲಿನಂತೆ ನಿಲ್ಲುವುದಲ್ಲ; ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗುವ ಸಿದ್ಧತೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಅಲ್ಲಿ ಮಲ್ಲರನ್ನು ಒಂದೇ ಗುಂಪಾಗಿ ಕಾಣದೆ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ. ಎಲ್ಲ ಮಲ್ಲರೂ ಸಮಾನರಲ್ಲವೆಂಬ ವಿವೇಕ ಅಂದೇ ಇತ್ತು.

ಮುಧೋಳದ ನೆಲದ ಕವಿ ರನ್ನನು ಭೀಮ-ದುರ್ಯೋಧನರ ಗದಾಯುದ್ಧವನ್ನು ಕಾವ್ಯವಾಗಿಸಿದ್ದು ನಮಗೆಲ್ಲ ಅಭಿಮಾನದ ಸಂಗತಿ. ವ್ಯಾಸಭಾರತದಲ್ಲಿ ಭೀಮನ ಗದೆ ದುರ್ಯೋಧನನ ತೊಡೆಗೆ ಬೀಳುವುದು ಅವನು ಹೊಡೆತ ತಪ್ಪಿಸಿಕೊಳ್ಳಲು ನೆಲಬಿಟ್ಟು ನೆಗೆದ ಗಳಿಗೆಯಲ್ಲಿ. ಭೀಮನ ಹೊಡೆತ ಧರ್ಮವೋ ಅಧರ್ಮವೋ ಎಂಬ ಚರ್ಚೆ ಬೇರೆ. ಪಾದ ನೆಲಬಿಟ್ಟಾಗ ದೇಹಕ್ಕೆ ದಿಕ್ಕು ಬದಲಿಸುವ ಶಕ್ತಿ ಇರುವುದಿಲ್ಲವೆಂಬುದು ವೈದ್ಯನ ಪಾಠ.

ಮರ್ಮಗಳ ರಕ್ಷಣೆ

ಸುಶ್ರುತ ಸಂಹಿತೆಯು ದೇಹದಲ್ಲಿ 107 ಮರ್ಮಸ್ಥಾನಗಳನ್ನು ಹೇಳುತ್ತದೆ. ಹೃದಯ, ನಾಭಿ, ಬಸ್ತಿ ಇವು ಪ್ರಾಣವನ್ನೇ ಕಳೆಯಬಲ್ಲ ಮರ್ಮಗಳು, ದೇಹದ ಮುಂಭಾಗದಲ್ಲಿವೆ. ಎದುರಾಳಿಗೆ ನೇರವಾಗಿ ಎದೆಯೊಡ್ಡಿ ನಿಂತರೆ ಇವೆಲ್ಲ ಬಯಲಾಗುತ್ತವೆ. ಒಂದು ಹೆಗಲನ್ನು ತುಸು ಮುಂದೆ ಮಾಡಿ ಓರೆಯಾಗಿ ನಿಂತರೆ ಮರೆಯಾಗುತ್ತವೆ. ತೊಡೆಯ ನಡುವೆ ಊರ್ವೀ ಮರ್ಮವಿದೆ. ಮೊಣಕಾಲಿನ ಕೀಲು ಜಾನುಮರ್ಮ. ಅದಕ್ಕೆ ಪೆಟ್ಟಾದರೆ ಕುಂಟುತನ ಬರುತ್ತದೆಂದು ಸುಶ್ರುತಾಚಾರ್ಯರು ಎಚ್ಚರಿಸಿದ್ದಾರೆ.

ಮೊಣಕಾಲು ಮಡಚಲು, ಚಾಚಲು ಆಗಿರುವ ಕೀಲು, ತಿರುಚಲು ಆಗಿರುವುದಲ್ಲ. ತಿರುಗುವ ಕೆಲಸ ಸೊಂಟದ ಕೀಲಿನದು ಮತ್ತು ಪಾದದ್ದು. ಪಾದ ನೆಲಕ್ಕೆ ಅಂಟಿಕೊಂಡಿರುವಾಗ ಮೇಲಿನ ದೇಹ ತಿರುಗಿದರೆ ಆ ತಿರುಚು ಪೂರ್ತಿ ಮೊಣಕಾಲಿನ ಸ್ನಾಯುಬಂಧಗಳ ಮೇಲೆ ಬೀಳುತ್ತದೆ. ಗಾಯದ ಮೂಲ ಇದೇ.

ಆಯ್ಕೆಯ ಮೂರು ಪ್ರಶ್ನೆಗಳು

ಮೊದಲನೆಯದು, ಉದ್ದೇಶವೇನು? ಮುಷ್ಟಿಯುದ್ಧದಲ್ಲಿ ಬಲಗೈಯವರು ಸಾಮಾನ್ಯವಾಗಿ ಎಡಗಾಲನ್ನು ಮುಂದಿಟ್ಟು ಬಲಗೈಯನ್ನು ಹಿಂದೆ ಕಾಯ್ದಿರಿಸುತ್ತಾರೆ. ಕುಸ್ತಿಯಲ್ಲಿ ಬಲಗಾಲನ್ನೇ ಮುಂದಿಡುವವರು ಬಹಳ. ಹಿಡಿಯಲು ಬಲವಾದ ಕೈ ಹತ್ತಿರವಿರಬೇಕು. ಹೊಡೆಯುವ ಆಟಕ್ಕೆ ದೇಹ ತುಸು ಎತ್ತರ, ಹಿಡಿಯುವ ಆಟಕ್ಕೆ ತುಸು ತಗ್ಗು.

ಎರಡನೆಯದು, ದೇಹ ಯಾವ ಕಾಯಕಕ್ಕೆ ಪಳಗಿದೆ? ಕುಣಿಮಗ್ಗದಲ್ಲಿ ಕುಳಿತು ನೇಯುವವರ ಸೊಂಟ ಬಿಗಿದಿರುತ್ತದೆ. ವಿದ್ಯುತ್ ಮಗ್ಗದ ಮುಂದೆ ದಿನವಿಡೀ ನಿಲ್ಲುವವರ ಮೀನಖಂಡ ದಣಿದಿರುತ್ತದೆ. ಕಬ್ಬು ಕಡಿಯುವವರ ಬೆನ್ನು ಬಾಗಿ ಬಾಗಿ ನೊಂದಿರುತ್ತದೆ. ಇವರೆಲ್ಲರಿಗೂ ಒಂದೇ ಅಳತೆಯ ತಗ್ಗು ಸಲ್ಲದು. ನೋವಿಲ್ಲದೆ ಎಷ್ಟು ತಗ್ಗಲು ಸಾಧ್ಯವೋ ಅಷ್ಟೇ ನಿಮ್ಮ ಅಳತೆ.

ಮೂರನೆಯದು, ನೆಲ ಎಂಥದು? ಗರಡಿಯ ಹದಗೊಳಿಸಿದ ಕೆಮ್ಮಣ್ಣು ಬಿದ್ದವರನ್ನು ಕಾಯುತ್ತದೆ, ಆದರೆ ಪಾದವನ್ನು ಹಿಡಿದಿಡುತ್ತದೆ. ಸಿಮೆಂಟಿನ ನೆಲ ಪಾದವನ್ನು ಬಿಡುತ್ತದೆ, ಬಿದ್ದವರನ್ನು ಕಾಯುವುದಿಲ್ಲ.

ನಿಂತು ನೋಡುವ ಕ್ರಮ

1. ಪಾದಗಳನ್ನು ಹೆಗಲಿನಷ್ಟು ಅಗಲಕ್ಕೆ ಇಟ್ಟು, ಒಂದು ಪಾದವನ್ನು ಒಂದು ಹೆಜ್ಜೆ ಹಿಂದಕ್ಕೆ ತನ್ನಿರಿ. ಎರಡೂ ಪಾದಗಳು ಒಂದೇ ಗೆರೆಯ ಮೇಲೆ ಬಾರದಿರಲಿ.
2. ಮುಂದಿನ ಬೆರಳುಗಳು ಎದುರಿಗೆ, ಹಿಂದಿನವು ಓರೆಯಾಗಿ ಹೊರಕ್ಕೆ.
3. ಮೊಣಕಾಲುಗಳು ತುಸು ಸಡಿಲವಾಗಿ ಮಡಚಿರಲಿ. ಬೆರಳುಗಳು ನೋಡುವ ದಿಕ್ಕನ್ನೇ ಅವೂ ನೋಡಲಿ, ಒಳಕ್ಕೆ ವಾಲದಿರಲಿ.
4. ಭಾರ ಎರಡೂ ಕಾಲುಗಳಿಗೆ ಸಮವಾಗಿ, ಅಂಗಾಲಿನ ಮುಂಭಾಗದ ಮೇಲಿರಲಿ.
5. ಬಾಗುವುದು ಸೊಂಟದ ಕೀಲಿನಲ್ಲಿ, ಬೆನ್ನು ಗೂನಾಗಬಾರದು.
6. ಗದ್ದ ತುಸು ಕೆಳಗೆ, ಮೊಣಕೈಗಳು ಪಕ್ಕೆಲುಬಿನ ಸಮೀಪ, ಉಸಿರಾಟ ಮೂಗಿನಿಂದ.

ಈಗ ಪರೀಕ್ಷೆ. ಮೈಯನ್ನು ಪಕ್ಕಕ್ಕೆ ವಾಲಿಸದೆ ಯಾವ ಪಾದವನ್ನಾದರೂ ಒಡನೆ ಎತ್ತಲಾಗುತ್ತದೆಯೇ? ಗೆಳೆಯರು ನಾಲ್ಕು ದಿಕ್ಕಿನಿಂದ ಮೆಲ್ಲಗೆ ತಳ್ಳಿದರೆ ಒಂದೇ ಹೆಜ್ಜೆಯಲ್ಲಿ ಸಾವರಿಸಿಕೊಳ್ಳುವಿರಾ? ಹೌದಾದರೆ ಅದು ನಿಮ್ಮ ನಿಲುವು. ತಿರುಗುವಾಗ ಹಿಮ್ಮಡಿ ಎತ್ತಿ ಪಾದವನ್ನೂ ತಿರುಗಿಸುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿರಿ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ

ಬಸ್ ನಿಲ್ದಾಣದಲ್ಲಿಯೋ ನಿರ್ಜನ ದಾರಿಯಲ್ಲಿಯೋ ಕೀಟಲೆ ಎದುರಾದಾಗ ಕಣದ ನಿಲುವು ಬೇಡ. ಒಂದು ಕಾಲು ಹಿಂದೆ, ಎರಡೂ ಅಂಗೈಗಳು ತೆರೆದು ಎದೆಯ ಮುಂದೆ, ಗಟ್ಟಿ ದನಿಯಲ್ಲಿ "ದೂರ ನಿಲ್ಲು" ಎಂಬ ಮಾತು, ಕಣ್ಣು ಪಾರಾಗುವ ದಾರಿಯ ಕಡೆ. ನೋಡುವವರಿಗೆ ಇದು ಜಗಳಕ್ಕೆ ಬಂದಂತೆ ಕಾಣುವುದಿಲ್ಲ; ಆದರೆ ಕೈ ಮರ್ಮಗಳನ್ನು ಕಾಯುತ್ತದೆ, ಕಾಲು ಓಡಲು ಸಿದ್ಧವಾಗಿರುತ್ತದೆ. ಪಾರಾಗುವುದೇ ಇಲ್ಲಿ ಗೆಲುವು. ಸುರಕ್ಷಿತ ಸ್ಥಳ ಸೇರಿದೊಡನೆ 112ಕ್ಕೆ ಕರೆ ಮಾಡುವುದನ್ನು ಮಕ್ಕಳಿಗೆ ಕಲಿಸಿರಿ.

ಅರ್ಧಶಕ್ತಿಯ ಮಿತಿ

ವ್ಯಾಯಾಮವು ದೇಹಬಲದ ಅರ್ಧದಷ್ಟಿರಲಿ ಎನ್ನುತ್ತದೆ ಆಯುರ್ವೇದ. ಹಣೆ, ಮೂಗು, ಕೀಲುಗಳಲ್ಲಿ ಬೆವರು ಮೂಡಿ ಬಾಯಿ ಒಣಗಿದರೆ ಅಂದಿಗೆ ಸಾಕು. ಅಭ್ಯಾಸಕ್ಕೆ ಮುನ್ನ ತೊಡೆ, ಮೊಣಕಾಲು, ಮೀನಖಂಡಗಳಿಗೆ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ ಹಿತಕರ. ಅಜೀರ್ಣವಿದ್ದಾಗ, ಊಟವಾದ ಕೂಡಲೇ ಅಭ್ಯಾಸ ಬೇಡ.

ಗಾಯವಾದಾಗ ಮಾತ್ರ ಬಾತ ಕೀಲನ್ನು ತಿಕ್ಕಿಸಬೇಡಿರಿ, ಎಳೆಸಬೇಡಿರಿ. ವಿಶ್ರಾಂತಿ ಕೊಡಿರಿ. ಕೆಲವೇ ಗಂಟೆಗಳಲ್ಲಿ ಬಾವು ಬಂದರೆ, ಮೊಣಕಾಲು ಸಿಕ್ಕಿಕೊಂಡಂತಾದರೆ, ನಡೆಯುವಾಗ ಕಾಲು ಕೈಕೊಟ್ಟಂತಾದರೆ ತಡಮಾಡದೆ ಎಲುಬು-ಕೀಲು ತಜ್ಞರಿಗೆ ತೋರಿಸಿರಿ. ಆಯುರ್ವೇದ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಗರಡಿಗೆ ಹೋಗುವ ಮಗನಿಗೆ ಹಾಲು-ಬಾದಾಮಿ ಕೊಡುವ ತಾಯಂದಿರು ಮನೆಗೆ ಬಂದಾಗ "ಮೊಣಕಾಲು ಹೇಗಿದೆಯಪ್ಪಾ?" ಎಂದೂ ಕೇಳಲಿ. ಮಕ್ಕಳು ಅದನ್ನು ಮುಚ್ಚಿಡದಿರಲಿ. ಕುಸ್ತಿಯ ಕಾಲ ಹತ್ತು ವರ್ಷ. ಮೊಣಕಾಲು ಬೇಕಾಗುವುದು ಬದುಕಿನುದ್ದಕ್ಕೂ.