ಕೇಳಿದವರು ಹೇಳಬೇಕು: ಇಂಗ್ಲಿಷ್ ಉಚ್ಚಾರಣೆಯ ಒಂದು ಪಾಠ



ಆರು ವರ್ಷಗಳ ಹಿಂದೆ ಶ್ರೀಮಠದ ದಾಸೋಹಕ್ಕೆ ಸ್ಟೀಲ್ ತಟ್ಟೆಗಳು ಬೇಕಾಗಿ ಚೆನ್ನೈಯ ಒಬ್ಬ ವ್ಯಾಪಾರಿಗೆ ಫೋನ್ ಮಾಡಿದ್ದೆವು. ಅವರಿಗೆ ಕನ್ನಡ, ಮರಾಠಿ, ಹಿಂದಿ ಯಾವುದೂ ಬಾರದು. ನಮಗೆ ತಮಿಳು ಬಾರದು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನಾವು ಕೇಳಿದ್ದು 15 ಡಜನ್, ಲಾರಿಯಿಂದ ಇಳಿದದ್ದು 50 ಡಜನ್. ಬಿಲ್ಲು ನೋಡಿದಾಗ ಸಿಟ್ಟೆಲ್ಲ ಆ ವ್ಯಾಪಾರಿಯ ಮೇಲೆಯೇ ಬಂತು. ಬಿ.ಕಾಂ. ಓದಿ ವರ್ಷಗಟ್ಟಲೆ ಲೆಕ್ಕಪತ್ರ ಬರೆದವರು ನಾವು, ತಪ್ಪು ನಮ್ಮ ಬಾಯಲ್ಲಿ ಇರಬಹುದೆಂಬ ಸಂಶಯವೇ ಸುಳಿಯಲಿಲ್ಲ. ತಟ್ಟೆ ಎಣಿಸುತ್ತಿದ್ದ ಪ್ರಸಾದ ನಿಲಯದ ಹುಡುಗ ಮೆಲ್ಲಗೆ ಹೇಳಿದ:

"ಸಾಹೇಬ್ರ, ಅವತ್ತು ನೀವು ಫೋನಿನ್ಯಾಗ ಅಂದಾಗ ನನಗೂ ಫಿಫ್ಟಿ ಅಂತನ ಕೇಳಿಸಿತ್ರಿ."

"ಮತ್ತ ಆವಾಗ ಯಾಕ ಹೇಳಲಿಲ್ಲೋ?"

"ನೀವು ಸೆಕ್ರೆಟರಿ ಅದೀರಿ. ನಾ ಹೆಂಗ ಹೇಳ್ಲಿ?"

ಹೆಚ್ಚಿಗೆ ಬಂದ 420 ತಟ್ಟೆಗಳನ್ನು ತಿರುಗಿ ಕಳಿಸಿದ ಲಾರಿ ಬಾಡಿಗೆ ಮಠದ ಹಣದಿಂದಲೇ ಹೋಯಿತು. ಆ ಬಾಡಿಗೆಗಿಂತ ಹುಡುಗನ ಮಾತೇ ನಮ್ಮನ್ನು ಹೆಚ್ಚು ಕಾಡಿದ್ದು. ತಪ್ಪನ್ನು ಕೇಳಿಸಿಕೊಂಡವನು ಪಕ್ಕದಲ್ಲೇ ನಿಂತಿದ್ದ. ಹೇಳಲು ಅವನಿಗೆ ಧೈರ್ಯವಿರಲಿಲ್ಲ, ಕೇಳುವ ಬುದ್ಧಿ ನಮಗಿರಲಿಲ್ಲ.

ನಮ್ಮ ಉಚ್ಚಾರದ ತಪ್ಪು ನಮ್ಮ ಕಿವಿಗೆ ಬೀಳುವುದು ಕಷ್ಟ. ಏನು ಹೇಳಬೇಕೆಂದು ಮನಸ್ಸಿಗೆ ಮೊದಲೇ ತಿಳಿದಿರುವುದರಿಂದ, ಬಾಯಿಂದ ಬೇರೆ ಬಂದರೂ ಕಿವಿ ಅದನ್ನೇ ಕೇಳಿಸಿಕೊಳ್ಳುತ್ತದೆ. ಮೇಲಾಗಿ ನಾವು ಕನ್ನಡದವರು ಬರೆದಂತೆ ಓದಿ ರೂಢಿಯಾದವರು. ಖಾತೆ ಪುಸ್ತಕದ ಶಬ್ದಗಳನ್ನೇ ನೋಡಿರಿ. ಡೆಬಿಟ್ ಎಂಬಲ್ಲಿ 'ಬಿ' ಅಕ್ಷರ ನುಡಿಯುತ್ತದೆ. ಸಾಲ ಎಂಬರ್ಥದ ಡೆಟ್ ಶಬ್ದದಲ್ಲಿ ಅದೇ 'ಬಿ' ಬರಹದಲ್ಲಿದೆ, ಮಾತಿನಲ್ಲಿಲ್ಲ. ರಿಸೀಟ್ ಶಬ್ದದ 'ಪಿ' ಕೂಡ ಹಾಗೆಯೇ. ಪುಸ್ತಕವನ್ನು ಎಷ್ಟು ದಿಟ್ಟಿಸಿದರೂ ಇದು ತಿಳಿಯದು, ಯಾರಾದರೂ ಹೇಳಿಯೇ ತಿಳಿಯಬೇಕು.

ಹಾಗೆಂದು ಇಂಗ್ಲೆಂಡಿನವರಂತೆ ಮಾತನಾಡಬೇಕಾಗಿಲ್ಲ. ಕೆನಡಾದ ಮನ್ರೋ ಮತ್ತು ಡರ್ವಿಂಗ್ ಎಂಬ ವಿದ್ವಾಂಸರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಭಾಷೆಯ ಧಾಟಿ ಗಾಢವಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಲ್ಲದು ಎಂದು ತೋರಿಸಿದರು. ಧಾಟಿ ಬೇರೆ, ಅರ್ಥವಾಗುವುದು ಬೇರೆ. 'ಥ್ಯಾಂಕ್ಸ್' ಎನ್ನುವಾಗ ನಾಲಗೆಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಬೇಕೆಂದು ಕೆಲವು ತರಗತಿಗಳಲ್ಲಿ ವಾರಗಟ್ಟಲೆ ತಿದ್ದಿಸುತ್ತಾರೆ. ನಮ್ಮ 'ಥ' ಹಾಕಿದರೂ ಯಾರಿಗೂ ಅನರ್ಥವಾಗುವುದಿಲ್ಲ. ಆ ಹೊತ್ತನ್ನು ಒತ್ತು ಕಲಿಯಲು ಬಳಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಒತ್ತು ಎಂದರೇನು? ಕನ್ನಡದಲ್ಲಿ ಶಬ್ದದ ಯಾವ ಭಾಗವನ್ನು ಜೋರಾಗಿ ಹೇಳಿದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಕೆಡುತ್ತದೆ. ಪ್ರೊಡ್ಯೂಸ್ ಶಬ್ದದ ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ಹೊಲದಲ್ಲಿ ಬೆಳೆದ ಮಾಲು. ಎರಡನೆಯ ಭಾಗಕ್ಕೆ ಕೊಟ್ಟರೆ ಉತ್ಪಾದಿಸು ಎಂಬ ಕ್ರಿಯೆ. ಭಾರತೀಯರ ಇಂಗ್ಲಿಷ್ ಎಷ್ಟರಮಟ್ಟಿಗೆ ಅರ್ಥವಾಗುತ್ತದೆ ಎಂಬುದನ್ನು ಕುರಿತ ಆರ್.ಕೆ. ಬನ್ಸಲ್ ಅವರ ಅಧ್ಯಯನ 1969ರಲ್ಲಿ ಹೈದರಾಬಾದಿನಿಂದ ಪ್ರಕಟವಾಯಿತು. ಅದರಲ್ಲಿಯೂ ತಪ್ಪಾದ ಒತ್ತು ಒಂದು ಮುಖ್ಯ ತೊಡಕಾಗಿ ಕಂಡುಬಂದಿದೆ.

ನಮ್ಮ ತಟ್ಟೆಯ ಪ್ರಸಂಗವೂ ಇಲ್ಲೇ ಸೇರುತ್ತದೆ. ಫಿಫ್ಟೀನ್ ಎಂಬಲ್ಲಿ ಒತ್ತು ಕೊನೆಗೆ, 'ಟೀ' ದೀರ್ಘ, ಕೊನೆಯ 'ನ್' ಸ್ಪಷ್ಟವಾಗಿ ಕೇಳಬೇಕು. ಫಿಫ್ಟಿ ಎಂಬಲ್ಲಿ ಒತ್ತು ಮೊದಲಿಗೆ, 'ಟಿ' ಗಿಡ್ಡ. ಇದರಲ್ಲಿಯೂ ಒಂದು ತೊಡಕಿದೆ. ಮುಂದೆ ಡಜನ್, ಬ್ಯಾಗ್ ಎಂದು ಇನ್ನೊಂದು ಶಬ್ದ ಬಂದಾಗ ಇಂಗ್ಲಿಷಿನವರ ಬಾಯಲ್ಲೂ ಫಿಫ್ಟೀನಿನ ಒತ್ತು ಮುಂದಕ್ಕೆ ಜಾರುತ್ತದೆ. ಆದ್ದರಿಂದ ಫೋನಿನಲ್ಲಿ ಸಂಖ್ಯೆ ಹೇಳುವಾಗ "ಒನ್ ಫೈವ್, ಫಿಫ್ಟೀನ್" ಎಂದು ಬಿಡಿಸಿ ಹೇಳಿ, ಕೇಳಿದವರಿಂದ ತಿರುಗಿ ಹೇಳಿಸಿಕೊಳ್ಳುವುದು ಕ್ಷೇಮ. ಬೇಳೆಯ ದರವಾಗಲಿ ದ್ರಾಕ್ಷಿಯ ಪೆಟ್ಟಿಗೆಯಾಗಲಿ, 13 ಮತ್ತು 30, 16 ಮತ್ತು 60 ಇವೆಲ್ಲಕ್ಕೂ ಇದೇ ಮಾತು.

ದ್ರಾಕ್ಷಿ ಎಂದಾಗ ನೆನಪಾಯಿತು. ಬಳ್ಳಿಗೆ ಇಂಗ್ಲಿಷಿನಲ್ಲಿ ಹೇಳುವ ಶಬ್ದವನ್ನೂ ಮದ್ಯಕ್ಕೆ ಹೇಳುವ ಶಬ್ದವನ್ನೂ ನಾವು 'ವೈನ್' ಎಂದೇ ಬರೆಯುತ್ತೇವೆ, ಹಾಗೆಯೇ ಹೇಳುತ್ತೇವೆ. ಬಳ್ಳಿಯದು 'ವಿ' ಅಕ್ಷರದ್ದು: ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜಿಕೊಂಡು ಬರಬೇಕು. ಮದ್ಯದ್ದು 'ಡಬ್ಲ್ಯು': ಹಲ್ಲು ತಾಗಬಾರದು, 'ಉ' ಎನ್ನುವಂತೆ ತುಟಿ ದುಂಡಾಗಬೇಕು. ತೋಟ ನೋಡಲು ಬಂದ ಖರೀದಿದಾರರಿಗೆ "ನಮ್ಮದು ಹತ್ತು ವರ್ಷದ ಬಳ್ಳಿ" ಎಂದು ಹೇಳಹೋಗಿ ಲಿಂಗಾಯತ ಗೃಹಸ್ಥರು ಹತ್ತು ವರ್ಷದ ಮದ್ಯ ಕಾಯ್ದಿಟ್ಟಿದ್ದಾರೆ ಎಂಬಂತೆ ಕೇಳಿಸಬಾರದಲ್ಲ!

ಇನ್ನು ಯಾರನ್ನು ಕೇಳಬೇಕು? ನಮ್ಮವರೇ ನಮ್ಮ ತಪ್ಪನ್ನು ಹಿಡಿಯುವುದು ಕಡಿಮೆ, ಅವರ ಬಾಯಲ್ಲಿಯೂ ಅದೇ ಇರುತ್ತದೆ. ಗಡಿಭಾಗದ ನಮಗೆ ಇಲ್ಲೊಂದು ಅನುಕೂಲವಿದೆ: ಮಗ್ಗುಲ ಮನೆಯವರ ಮಾತೇ ಬೇರೆ. ಕನ್ನಡದ ಶಬ್ದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಬ್ಯಾಂಕು, ಬಸ್ಸು, ಬಿಲ್ಲು ಎನ್ನುತ್ತೇವೆ, ಇಂಗ್ಲಿಷ್ ಆಡುವಾಗಲೂ ಆ 'ಉ' ಹಿಂದೆಯೇ ಬರುತ್ತದೆ. ಘರ್, ಹಾತ್ ಎಂದು ವ್ಯಂಜನದಲ್ಲಿ ಮುಗಿಸುವ ಮರಾಠಿಯವರ ಕಿವಿಗೆ ಅದು ಥಟ್ಟನೆ ಹತ್ತುತ್ತದೆ. ಅವರಿಗೆ ಮಾತಿನಲ್ಲಿ ಹ್ರಸ್ವ 'ಇ', ದೀರ್ಘ 'ಈ'ಗಳ ಭೇದ ಅಷ್ಟು ಮುಖ್ಯವಲ್ಲ. ನಮಗೆ ಬಿಡು ಬೇರೆ, ಬೀಡು ಬೇರೆ. ಆದ್ದರಿಂದ ಫಿಲ್ ಮತ್ತು ಫೀಲ್ ಬೆರೆತಾಗ ನಾವು ಅವರಿಗೆ ಹೇಳಬಹುದು. ಇದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಆದವಾನಿ, ರಾಯದುರ್ಗದ ಕಡೆಯ ಬಂಧುಗಳಿಗೆ ಮಾತ್ರ 'ಉ'ಕಾರದ ವಿಷಯದಲ್ಲಿ ತೆಲುಗಿನವರಿಂದ ಪ್ರಯೋಜನವಾಗದು, ಅವರೂ ಬಸ್ಸು ಎನ್ನುವವರೇ. ಉರ್ದು ಮಾತಾಡುವ ನೆರೆಯವರನ್ನು ಕೇಳಿರಿ. 'ಝೀರೋ' ಎಂಬಲ್ಲಿಯ ಗುಂಯ್‌ಗುಡುವ ಧ್ವನಿಯೂ ಆಫೀಸಿನ 'ಫ'ಕಾರವೂ ಅವರ ಭಾಷೆಯಲ್ಲೇ ಇವೆ.

ಕೇಳುವ ರೀತಿಯೂ ಮುಖ್ಯ. "ನಾ ಹೇಳಿದ್ದು ಸರಿ ಐತೇನ್ರಿ?" ಎಂದರೆ ಸೌಜನ್ಯಕ್ಕಾಗಿ ಎಲ್ಲರೂ ಸರಿ ಎನ್ನುತ್ತಾರೆ. "ನಿಮಗ ಏನು ಕೇಳಿಸ್ತು?" ಎಂದು ಕೇಳಿರಿ. ಹತ್ತು ಶಬ್ದಗಳನ್ನು ಚೀಟಿಯಲ್ಲಿ ಬರೆದುಕೊಂಡು, ಚೀಟಿ ತೋರಿಸದೆ ಒಂದೊಂದಾಗಿ ಹೇಳಿರಿ. ಎದುರಿನವರು ಕೇಳಿದ್ದನ್ನು ಕೇಳಿದಂತೆ ಬರೆಯಲಿ. ಆಮೇಲೆ ಎರಡೂ ಚೀಟಿ ಪಕ್ಕಪಕ್ಕ ಇಟ್ಟರೆ ರೋಕಡ ತಾಳೆ ನೋಡಿದಂತೆ ವ್ಯತ್ಯಾಸ ಕಾಣುತ್ತದೆ. ಒಂದು ಕೂಡಿಕೆಯಲ್ಲಿ ಒಂದೇ ತಪ್ಪನ್ನು ಹಿಡಿಯಿರಿ. ಐದಾರು ಒಮ್ಮೆಲೇ ಹೇಳಿದರೆ ಮುಂದಿನ ವಾರ ಆ ಮನುಷ್ಯ ಬರುವುದೇ ಇಲ್ಲ.

ತಿದ್ದುವವರಿಗೂ ಒಂದು ಮಾತು. ಕೆನಡಾದಲ್ಲಿ ಫ್ರೆಂಚ್ ಭಾಷೆಯಲ್ಲೇ ಪಾಠ ಕೇಳುವ ಮಕ್ಕಳ ತರಗತಿಗಳನ್ನು ಲಿಸ್ಟರ್ ಮತ್ತು ರಾಂಟಾ ಎಂಬವರು ಪರಿಶೀಲಿಸಿ 1997ರಲ್ಲಿ ಬರೆದರು. ಮಗು ತಪ್ಪು ಹೇಳಿದಾಗ ಸರಿಯಾದುದನ್ನು ಸುಮ್ಮನೆ ತಾವೇ ಹೇಳಿ ಮುಂದೆ ಹೋಗುವುದು ಶಿಕ್ಷಕರ ಹೆಚ್ಚಿನ ರೂಢಿ; ಮಕ್ಕಳು ಅದನ್ನು ತಿದ್ದುಪಡಿ ಎಂದು ಗಮನಿಸುವುದು ಮಾತ್ರ ಕಡಿಮೆ. "ಇನ್ನೊಮ್ಮೆ ಹೇಳು, ನನಗೆ ತಿಳಿಯಲಿಲ್ಲ" ಎಂದು ಅವರಿಂದಲೇ ಹೇಳಿಸಿದಾಗ ಫಲ ಹೆಚ್ಚು. ನಗುವುದಂತೂ ಬೇಡ. ನಾಲ್ಕು ಮಂದಿಯ ಮುಂದೆ ಒಮ್ಮೆ ನಗೆಗೆ ಗುರಿಯಾದವರು ಮತ್ತೆ ಬಾಯಿ ತೆರೆಯುವುದು ಕಷ್ಟ.

ಮೊಬೈಲ್ ಫೋನಿನಲ್ಲಿ ಮಾತಾಡಿದ್ದನ್ನು ಅಕ್ಷರಕ್ಕೆ ಇಳಿಸುವ ಸೌಲಭ್ಯ ಈಗ ಇದೆ. ಸಂಕೋಚದವರು ಅದರಿಂದ ಆರಂಭಿಸಬಹುದು. ಆದರೆ ಅದು ಹಿಂದುಮುಂದಿನ ಶಬ್ದ ನೋಡಿ ಊಹಿಸಿ ಬರೆಯುತ್ತದೆ, ನಮ್ಮ ತಪ್ಪನ್ನು ತಾನೇ ಮುಚ್ಚಿಹಾಕುವುದೂ ಉಂಟು. ಬಿಡಿ ಶಬ್ದಗಳನ್ನೇ ಹೇಳಿ ಪರೀಕ್ಷಿಸಿರಿ.

ಈಗ ಶನಿವಾರ ಸಂಜೆ ಮಠದ ಕಚೇರಿಯಲ್ಲಿ ನಾವು ಮೂರ್ನಾಲ್ಕು ಮಂದಿ ಕೂಡುತ್ತೇವೆ: ಒಬ್ಬ ಅಡತಿ ಅಂಗಡಿಯವರು, ಒಬ್ಬ ಮರಾಠಿ ಶಿಕ್ಷಕರು, ನಾವು, ಮತ್ತು ಅಂದು ತಟ್ಟೆ ಎಣಿಸಿದ ಹುಡುಗ. ಅವನೀಗ ಕಾಲೇಜಿನಲ್ಲಿದ್ದಾನೆ. ಮೊದಲ ಎರಡು ವಾರ ನಮ್ಮ ಚೀಟಿಯನ್ನು ಅವನು ಪೂರ್ತಿ ಸರಿ ಎಂದೇ ಬರೆದ. ಮೂರನೆಯ ವಾರ ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂಡಿಸಿದೆವು. ಆ ದಿನ ಹತ್ತರಲ್ಲಿ ನಾಲ್ಕು ತಪ್ಪು ಹೊರಬಿದ್ದವು. "ಆಯಿಲ್" ಎಂದು ನಾವು ಹೇಳಿದ್ದನ್ನು ಅವನು "ವಾಯಿಲ್" ಎಂದು ಬರೆದಿದ್ದ.