ಒಂದು ಚಿಕ್ಕ ಲೇಖನದ ತೂಕ

ವಿದ್ವಾಂಸರ ಕೆಲಸದ ಹಿರಿಮೆಯನ್ನು ಯಾವುದರಿಂದ ಅಳೆಯತಕ್ಕದ್ದು? ಅವರು ಅಚ್ಚು ಹಾಕಿಸಿದ ಲೇಖನಗಳ ಸಂಖ್ಯೆಯಿಂದಲೋ, ಆ ಲೇಖನಗಳನ್ನು ಆಧಾರವಾಗಿಟ್ಟುಕೊಂಡು ಇತರರು ಸಾಧಿಸಿದ ಕಾರ್ಯದಿಂದಲೋ? ಮಗಳ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಬರುವ ತಾಯ್ತಂದೆಗಳಿಗೂ, ಸಂಸಾರಭಾರದಲ್ಲಿ ಓದನ್ನು ಬದಿಗಿರಿಸಿ, ತಮ್ಮ ಕಾಲ ಮುಗಿಯಿತೆಂದು ಕಾಗದ ಬರೆಯುವ ಹಳೆಯ ವಿದ್ಯಾರ್ಥಿನಿಯರಿಗೂ ಈ ಪ್ರಶ್ನೆಯು ಸಂಬಂಧಪಟ್ಟದ್ದೇ. ಆದಕಾರಣ ಕ್ಯಾನ್ಸರ್ ಎಂಬ ಅರ್ಬುದ ರೋಗದ ಸಂಶೋಧನೆಯಲ್ಲಿ ಕೀರ್ತಿಯನ್ನು ಪಡೆದ ಅಮೇರಿಕಾ ದೇಶದ ಡಾಕ್ಟರ್ ಜಾನೆಟ್ ರೌಲಿಯವರ ಲೇಖನಗಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇನೆ.

ರೌಲಿಯವರು 1925ರಲ್ಲಿ ಜನಿಸಿದರು. ಷಿಕಾಗೋ ವಿಶ್ವವಿದ್ಯಾನಿಲಯದ ವೈದ್ಯ ತರಗತಿಯ 65 ಸ್ಥಳಗಳಲ್ಲಿ ಸ್ತ್ರೀಯರಿಗೆ ಆಗ ಮೂರೇ ಸ್ಥಳಗಳಿದ್ದವು. ಆ ಮೂರೂ ತುಂಬಿಹೋಗಿದ್ದುದರಿಂದ ಈಕೆ ಒಂಬತ್ತು ತಿಂಗಳು ಕಾಯಬೇಕಾಯಿತು. 1948ರಲ್ಲಿ ಪದವಿಯನ್ನು ಪಡೆದ ಮರುದಿನವೇ ವಿವಾಹವಾಯಿತು. ಮುಂದೆ ನಾಲ್ವರು ಗಂಡುಮಕ್ಕಳಾದರು. ಅನೇಕ ವರ್ಷಗಳವರೆಗೆ ವಾರದಲ್ಲಿ ಕೆಲವೇ ದಿನ ಉದ್ಯೋಗ, ಉಳಿದ ದಿನಗಳಲ್ಲಿ ಗೃಹಕೃತ್ಯ. 1961ರಲ್ಲಿ ಪತಿಯೊಡನೆ ಆಕ್ಸ್‌ಫರ್ಡಿಗೆ ಹೋದಾಗ ವರ್ಣತಂತುಗಳ ಅಧ್ಯಯನವನ್ನು ಕಲಿತರು. ಷಿಕಾಗೋಗೆ ಹಿಂದಿರುಗಿ, ಒಂದು ಸೂಕ್ಷ್ಮದರ್ಶಕವನ್ನೂ ಕೆಲಸಕ್ಕೆ ಸ್ಥಳವನ್ನೂ ಕೇಳಿ ಪಡೆದು ಸಂಶೋಧನೆಗೆ ಕುಳಿತಾಗ ಆಕೆಗೆ ಮೂವತ್ತೇಳು ವರ್ಷವಾಗಿತ್ತು.

ವರ್ಣತಂತುಗಳೆಂದರೇನು? ನಮ್ಮ ಶರೀರದ ಜೀವಕೋಶಗಳೊಳಗೆ ಸಾಮಾನ್ಯವಾಗಿ 46 ಸೂಕ್ಷ್ಮವಾದ ತಂತುಗಳು, ಎಂದರೆ 23 ಜೊತೆಗಳು, ಇರುತ್ತವೆ. ವಂಶದಿಂದ ಬರುವ ಗುಣಗಳೆಲ್ಲವೂ ಬಹುಮಟ್ಟಿಗೆ ಇವುಗಳಲ್ಲಿ ಅಡಗಿವೆ. 1960ರಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬವರು, ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಒಂದು ತಂತು ಬಹಳ ಗಿಡ್ಡಗಿರುವುದನ್ನು ಕಂಡಿದ್ದರು. ಅದರ ತುಂಡೊಂದು ನಷ್ಟವಾಗಿದೆಯೆಂದೇ ಪಂಡಿತರು ಭಾವಿಸಿದ್ದರು.

ರೌಲಿಯವರು ಹೊಸ ವಿಧದ ಬಣ್ಣಗಳಿಂದ ತಂತುಗಳಲ್ಲಿ ಪಟ್ಟೆಗಳು ಕಾಣುವಂತೆ ಮಾಡಿ, ಅವುಗಳ ಛಾಯಾಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೊತೆಗೂಡಿಸುತ್ತಿದ್ದರು. ತಾಯಿ ಕಾಗದದ ಗೊಂಬೆಗಳೊಡನೆ ಆಡುತ್ತಿರುವಳೆಂದು ಮಕ್ಕಳು ಹಾಸ್ಯಮಾಡುತ್ತಿದ್ದರಂತೆ. ಹೀಗೆ ನೋಡುತ್ತಿರಲು, 22ನೆಯ ತಂತು ಗಿಡ್ಡಗಿದ್ದ ರೋಗಿಗಳಲ್ಲಿ 9ನೆಯ ತಂತು ಹೆಚ್ಚು ಉದ್ದವಾಗಿರುವುದು ಕಂಡಿತು. ಒಂದು ಡಬ್ಬಿಯಲ್ಲಿ ಕಡಮೆಯಾದ ಅಕ್ಕಿಯು ಇನ್ನೊಂದು ಡಬ್ಬಿಯಲ್ಲಿ ಹೆಚ್ಚಾಗಿರುವುದನ್ನು ಕಂಡ ಗೃಹಿಣಿಯು ಏನೆಂದು ತಿಳಿಯುವಳು? ಅಕ್ಕಿ ನಷ್ಟವಾಗಲಿಲ್ಲ, ಸ್ಥಳ ಬದಲಾಯಿಸಿತು ಎಂದಲ್ಲವೇ? ಇದೇ ರೌಲಿಯವರ ನಿರ್ಣಯವು. 1973ರಲ್ಲಿ ‘ನೇಚರ್’ ಎಂಬ ಪತ್ರಿಕೆಯಲ್ಲಿ, ಅವರೊಬ್ಬರ ಹೆಸರಿನಲ್ಲಿಯೇ, ಇದು ಪ್ರಕಟವಾಯಿತು. ಆ ಲೇಖನದ ಉದ್ದ ನಾಲ್ಕು ಪುಟ ಮಾತ್ರ.

ಅದೇ ವರ್ಷ, ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 8 ಮತ್ತು 21ನೆಯ ತಂತುಗಳು ತುಂಡುಗಳನ್ನು ಬದಲಾಯಿಸಿಕೊಳ್ಳುವುದನ್ನೂ ಅವರು ಪ್ರಕಟಿಸಿದರು. 1977ರಲ್ಲಿ ಮೂರನೆಯ ಬಗೆಯೊಂದರಲ್ಲಿ 15 ಮತ್ತು 17ನೆಯ ತಂತುಗಳ ವಿಷಯವೂ ತಿಳಿದುಬಂದಿತು. ಆದರೂ ತಂತುಗಳ ವ್ಯತ್ಯಾಸವು ರೋಗದ ಕಾರಣವಲ್ಲ, ಪರಿಣಾಮವೇ ಎಂದು ಅನೇಕರು ವಾದಿಸುತ್ತಿದ್ದರು. ರೌಲಿಯವರು ವಾದಕ್ಕೆ ನಿಲ್ಲದೆ ಉದಾಹರಣೆಗಳನ್ನು ಒಂದರಮೇಲೊಂದಾಗಿ ಕೂಡಿಸಿದರು.

ಇನ್ನು ಆ ನಾಲ್ಕು ಪುಟಗಳ ಫಲವನ್ನು ನೋಡೋಣ. 1982ರಲ್ಲಿ, ತುಂಡುಗಳು ಬದಲಾಗುವಾಗ ‘ಏಬಲ್’ ಎಂಬ ಜೀನು 22ನೆಯ ತಂತುವಿಗೆ ಹೋಗುವುದೆಂದು ಬೇರೆ ವಿದ್ವಾಂಸರು ತೋರಿಸಿದರು. ಅದು ಅಲ್ಲಿಯ ಇನ್ನೊಂದು ಜೀನಿನೊಡನೆ ಬೆಸೆದುಕೊಂಡು, ರಕ್ತಕೋಶಗಳು ಮಿತಿಯಿಲ್ಲದೆ ವೃದ್ಧಿಯಾಗುವಂತೆ ಪ್ರೇರಿಸುವ ಪ್ರೋಟೀನನ್ನು ಹುಟ್ಟಿಸುತ್ತದೆ. ಈ ಬೆಸೆದ ಜೀನನ್ನು ಇಲಿಗಳಲ್ಲಿ ಸೇರಿಸಿದರೆ ಅದೇ ಬಗೆಯ ರೋಗವು ಬರುವುದೆಂದು 1990ರಲ್ಲಿ ಸಿದ್ಧವಾಯಿತು. ಕಾರಣವೋ ಪರಿಣಾಮವೋ ಎಂಬ ವಾದವು ಇಲ್ಲಿಗೆ ತೀರಿತು. ಆ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಎಂಬ ಗುಳಿಗೆಗೆ 2001ರಲ್ಲಿ ಅಮೇರಿಕಾದಲ್ಲಿ ಅನುಮತಿ ದೊರೆಯಿತು. ಹಿಂದೆ ಕೆಲವೇ ವರ್ಷಗಳಲ್ಲಿ ತೀರಿಹೋಗುತ್ತಿದ್ದ ರೋಗಿಗಳಲ್ಲಿ ಅನೇಕರು ಇಂದು ಔಷಧವನ್ನು ಕ್ರಮವಾಗಿ ಸೇವಿಸುತ್ತ ತಮ್ಮ ಸಂಸಾರಗಳ ಮಧ್ಯದಲ್ಲಿ ಬಾಳುತ್ತಿದ್ದಾರೆ.

ರೌಲಿಯವರಿಗೆ 1998ರಲ್ಲಿ ಲಾಸ್ಕರ್ ಪಾರಿತೋಷಕವೂ, 2009ರಲ್ಲಿ ಅಮೇರಿಕಾ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ದೊರೆತವು. 2013ರಲ್ಲಿ, 88ನೆಯ ವಯಸ್ಸಿನಲ್ಲಿ ಅವರು ದಿವಂಗತರಾದರು. ಅವರು ಬರೆದ ಲೇಖನಗಳು ನೂರಾರು. ಆದರೆ ಆ ಸಂಖ್ಯೆಯನ್ನು ಮಾತ್ರ ಎಣಿಸುವವನಿಗೆ ಈ ನಾಲ್ಕು ಪುಟಗಳು ಪಟ್ಟಿಯಲ್ಲಿ ಒಂದು ಸಾಲು ಮಾತ್ರವೇ. ಅದರ ತೂಕವು ತಿಳಿಯಲು ಇಪ್ಪತ್ತೆಂಟು ವರ್ಷಗಳು ಹಿಡಿದವು. ಆ ತೂಕವನ್ನು ತೋರಿಸಿದವರೂ ಅನ್ಯರೇ.

ತಾಯ್ತಂದೆಗಳೇ, ವಿವಾಹವಾಗಿ ಹೋಗುವ ಮಗಳಿಗೆ ಇಷ್ಟು ಓದು ಏತಕ್ಕೆ ಎಂದು ನೀವು ಕೇಳುವುದುಂಟು. ಊಟದ ಮೇಜಿನ ಮೇಲೆ ಕತ್ತರಿಯನ್ನು ಹಿಡಿದು ಕುಳಿತ ಈ ತಾಯಿಯೇ ನಾನು ಕೊಡಬಹುದಾದ ಉತ್ತರ. ಹಳೆಯ ವಿದ್ಯಾರ್ಥಿನಿಯರೇ, ಪುಸ್ತಕವನ್ನು ಮುಚ್ಚಿಟ್ಟು ಹತ್ತು ವರ್ಷವಾಯಿತೆಂದು ನೀವು ವ್ಯಸನಪಡಬೇಡಿರಿ. ವಾರಕ್ಕೆ ಮೂರು ದಿನ ದೊರೆತರೂ ಸಾಕು; ಅದನ್ನು ಬಿಡದೆ ಹಿಡಿಯಿರಿ.